ದುಡಿಯಲು ಬಂದವರಿಗೆ ಕ್ಯಾನ್ಸರ್ ಅಂತ ಗೊತ್ತಾದ್ರೆ ಅಕ್ಕಪಕ್ಕದವ್ರು ಎಂತ ಮಾಡ್ಬಹುದು: ಉಡುಪಿ-ಮಂಗ್ಳೂರಿನವ್ರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಯಾರಿಗಾದ್ರೂ ಕ್ಯಾನ್ಸರ್ ಅಂತ ಸುದ್ದಿ ಬಂದ್ರೆ ಸಂಜೆಯೊಳಗೆ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ, ಅದ್ರ ಕೆಳಗೆ ಕ್ಯೂಆರ್ ಕೋಡ್, "ಬಡ ಕುಟುಂಬಕ್ಕೆ ನೆರವಾಗಿ" ಅಂತ ನಾಲ್ಕು ಸಾಲು ಬಂದೇ ಬರ್ತದೆ. ದುಡ್ಡೂ ಸೇರ್ತದೆ, ಕೊಡುದ್ರಲ್ಲಿ ನಮ್ಮ ಜನ ಹಿಂದೆ ಬಿದ್ದವ್ರಲ್ಲ, ಕಟಪಾಡಿಯ ರವಿಯವ್ರು ಅಷ್ಟಮಿಗೆ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ಲಕ್ಷಗಟ್ಟಲೆ ಕೂಡಿಸಿದ ಊರು ಇದು. ಆದ್ರೆ ಬೀಡಿನಗುಡ್ಡೆಯ ಶೆಡ್ಡಲ್ಲಿರುವ ಕೊಪ್ಪಳದ ಗಾರೆ ಕೆಲಸದವ್ರು, ಮಲ್ಪೆ ಬೋಟಲ್ಲಿ ದುಡಿಯುವ ಒಡಿಶಾದ ಹುಡುಗ್ರು, ಬೈಕಂಪಾಡಿ ಫ್ಯಾಕ್ಟರಿಗೆ ಬಂದ ಜಾರ್ಖಂಡಿನವ್ರು, ಅಪಾರ್ಟ್‌ಮೆಂಟ್ ಗೇಟಲ್ಲಿ ನಿಲ್ಲುವ ನೇಪಾಳದವ್ರು, ಇಂಥವ್ರಿಗೆ ಈ ಕಾಯಿಲೆ ಬಂದ್ರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುದು ಹೆಚ್ಚಾಗಿ ಬೇರೆ ಕಾರಣಕ್ಕೆ. ಡಾಕ್ಟ್ರು ಹೇಳಿದ್ದು ಅರ್ಥ ಆಗಿರುದಿಲ್ಲ, ಕಾರ್ಡಲ್ಲಿ ಹೆಸರು ತಪ್ಪಾಗಿರ್ತದೆ, ರೂಮಿನವ್ರು ಖಾಲಿ ಮಾಡಿ ಅಂತಾರೆ, ಊರಲ್ಲಿ ಮಕ್ಕಳು ಅಜ್ಜಿ ಹತ್ರ. ಅದಕ್ಕೆ ನಾನು ಹೇಳುದು ಇಷ್ಟೇ, ದುಡ್ಡು ಕೂಡಿಸುದು ಆಮೇಲೆ, ಮೊದ್ಲು ಜನ ಕೂಡಿಸಿ. ಯುವಕ ಮಂಡಲ, ಭಜನಾ ಮಂಡಳಿ, ಚರ್ಚಿನ ವಾಳೆ, ಜಮಾತ್, ಸ್ವಸಹಾಯ ಗುಂಪು, ಯಾವುದಾದ್ರೂ ಆಗ್ತದೆ, ನಾಲ್ಕು ಜನ ಇದ್ರೆ ಸಾಕು.

1. ಜೊತೆಗೆ ಹೋಗುವ ಒಬ್ರನ್ನ ಗೊತ್ತುಮಾಡಿ

ಹತ್ತು ಜನ ದಿನಕ್ಕೊಬ್ರಂತೆ ಆಸ್ಪತ್ರೆಗೆ ಹೋದ್ರೆ ಯಾರಿಗೂ ಪೂರ್ತಿ ವಿಷಯ ಗೊತ್ತಿರುದಿಲ್ಲ. ಒಬ್ರು ಮುಖ್ಯ, ಅವ್ರು ಇಲ್ದಾಗ ಇನ್ನೊಬ್ರು, ಅಷ್ಟೇ ಸಾಕು. ರೋಗಿ ಹೆಂಗಸಾದ್ರೆ ಜೊತೆಗೆ ಹೆಂಗಸೇ ಇರ್ಲಿ, ಸ್ತನದ ಗಂಟು, ಗರ್ಭಕೋಶದ ಬಾಯಿ ಅಂತೆಲ್ಲ ಮಾತಾಡುವಾಗ ಮೇಸ್ತ್ರಿ ಪಕ್ಕದಲ್ಲಿ ಕೂತಿದ್ರೆ ಅವ್ರು ಬಾಯೇ ಬಿಡುದಿಲ್ಲ. ಕಾಂಟ್ರಾಕ್ಟರ್ ಒಳ್ಳೆಯವ್ರೇ ಇರ್ಬಹುದು, ಗಾಡಿ ಕಳಿಸ್ಲಿ, ಸಂಬಳದ ಬಾಕಿ ಕೊಡ್ಲಿ, ಡಾಕ್ಟ್ರ ಕೋಣೆಯೊಳಗೆ ಮಾತ್ರ ಬೇಡ, ಕೆಲಸ ಕೊಡುವವ್ರ ಎದುರು "ನಂಗೆ ಆಗುದಿಲ್ಲ" ಅಂತ ಹೇಳುದು ಯಾರಿಗೂ ಕಷ್ಟವೇ.

ಆಮೇಲೆ ಒಂದು ಪ್ರಶ್ನೆ ರೋಗಿಯನ್ನೇ ಕೇಳಿ: ಯಾರಿಗೆ ಹೇಳ್ಬಹುದು, ಯಾರಿಗೆ ಬೇಡ? ಊರಲ್ಲಿರುವ ತಾಯಿಗೆ ಈಗಲೇ ಹೇಳ್ಬೇಕಾ, ಮದುವೆ ಗೊತ್ತಾದ ತಂಗಿ ಮನೆಯವ್ರಿಗೆ ಗೊತ್ತಾಗ್ಬಾರದಾ, ಅದು ಅವ್ರ ವಿಷಯ. ಅವ್ರು ಹೂಂ ಅನ್ನುವ ತನಕ ಒಂದು ಫೋಟೋನೂ ಗ್ರೂಪಿಗೆ ಹೋಗ್ಬಾರದು, ರಿಪೋರ್ಟಂತೂ ಯಾವತ್ತೂ ಬೇಡ, ಆಧಾರ್ ನಂಬರ್ ಸಮೇತ ರಿಪೋರ್ಟ್ ಫಾರ್ವರ್ಡ್ ಮಾಡುವವ್ರು ನಮ್ಮಲ್ಲಿ ಕಮ್ಮಿ ಇಲ್ಲ ಮಾರಾಯ್ರೆ.

2. ಡಾಕ್ಟ್ರ ಎದುರು ಭಾಷೆ

ನಮ್ಮ ಆಸ್ಪತ್ರೆಗಳಲ್ಲಿ ಡಾಕ್ಟ್ರು ಇಂಗ್ಲಿಷ್-ಹಿಂದಿ, ನರ್ಸ್ ಸುಮಾರು ಜನ ಮಲಯಾಳಂ, ಕೌಂಟರಲ್ಲಿ ತುಳು, ಇದ್ರ ಮಧ್ಯೆ ಯಾದಗಿರಿಯಿಂದ ಬಂದ ಅಕ್ಕ ಕನ್ನಡದವ್ಳೇ ಆದ್ರೂ ಪರದೇಶದಲ್ಲಿದ್ದ ಹಾಗೆ ನಿಂತಿರ್ತಾಳೆ. ಎಲ್ಲದಕ್ಕೂ "ಹ್ಞೂಂ ರೀ" ಅಂದು ಹೊರಗೆ ಬಂದ್ಮೇಲೆ "ಏನಂದ್ರು ಅವ್ರು?" ಅಂತ ಕೇಳ್ತಾಳೆ. ಒಡಿಯಾ, ಬಂಗಾಳಿಯವ್ರಿಗೆ ಇನ್ನೂ ಕಷ್ಟ, ಅವ್ರ ಹಿಂದಿ ಕೆಲಸದ ಜಾಗಕ್ಕೆ ಸಾಕಾಗುವಷ್ಟು ಮಾತ್ರ.

ಅದೇ ಭಾಷೆಯ ದೊಡ್ಡವ್ರು ಒಬ್ರನ್ನ ಹುಡುಕಿ, ನರ್ಸಿಂಗ್ ಕಾಲೇಜಲ್ಲಿ, ಮಣಿಪಾಲದ ವಿದ್ಯಾರ್ಥಿಗಳಲ್ಲಿ ಹೆಚ್ಚು ಕಮ್ಮಿ ಎಲ್ಲ ರಾಜ್ಯದವ್ರೂ ಸಿಗ್ತಾರೆ. ಬರ್ಲಿಕ್ಕೆ ಆಗ್ದಿದ್ರೆ ಫೋನ್ ಸ್ಪೀಕರಲ್ಲಿ ಹಾಕಿ. ಶಾಲೆಗೆ ಹೋಗುವ ಮಗಳಿಗೆ ಕನ್ನಡ ಬರ್ತದೆ ಅಂತ ಅವಳ ಬಾಯಲ್ಲಿ "ಅಪ್ಪನಿಗೆ ಕ್ಯಾನ್ಸರ್ ಹರಡಿದೆ" ಅಂತ ಹೇಳಿಸ್ಬೇಡಿ.

ಮಾತು ದಾಟಿಸುವವ್ರು ಸೇರಿಸ್ಲೂ ಬಾರದು, ಬಿಡ್ಲೂ ಬಾರದು. "ಏನಾಗುದಿಲ್ಲ ಅಣ್ಣ, ಹೆದರ್ಬೇಡ" ಅಂತ ಸಮಾಧಾನ ಹೇಳುದು ಹೊರಗೆ ಬಂದ್ಮೇಲೆ. ಒಳಗೆ ಕೇಳ್ಬೇಕಾದ್ದು ಇವು: ಯಾವ ಅಂಗದ್ದು, ಯಾವ ಹಂತ, ಪೂರ್ತಿ ಗುಣ ಮಾಡುವ ಚಿಕಿತ್ಸೆಯಾ ಇಲ್ಲ ತಡೆ ಹಿಡಿಯುದಾ, ಆಪರೇಷನ್-ಕೀಮೋ-ರೇಡಿಯೇಷನ್ ಇದ್ರಲ್ಲಿ ಯಾವ್ಯಾವ್ದು, ಒಟ್ಟು ಎಷ್ಟು ತಿಂಗಳು, ವಾರಕ್ಕೆ ಎಷ್ಟು ಸಲ ಬರ್ಬೇಕು, ಕೆಲಸಕ್ಕೆ ಹೋಗ್ಬಹುದಾ. ಸಣ್ಣ ಪ್ರಾಯದವ್ರಾದ್ರೆ ಇನ್ನೊಂದು, ಮುಂದೆ ಮಕ್ಕಳಾಗ್ಲಿಕ್ಕೆ ತೊಂದ್ರೆ ಉಂಟಾ ಅಂತ. ಕೀಮೋ ಶುರುವಾಗುವ ಮೊದ್ಲೇ ವೀರ್ಯ ಇಡುವ ವ್ಯವಸ್ಥೆ ಮಣಿಪಾಲದಲ್ಲಿ ಉಂಟು, ಆದ್ರೆ 24 ವರ್ಷದ ಹುಡುಗ ಅದನ್ನ ತಾನಾಗಿ ಕೇಳುದಿಲ್ಲ, ನೀವೇ ಕೇಳ್ಬೇಕು. ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಿದ್ರೆ ಕ್ಯಾನ್ಸರ್ ಹರಡ್ತದೆ ಅಂತ ಯಾರೋ ಹೆದರಿಸಿರ್ತಾರೆ, ಅದನ್ನೂ ಡಾಕ್ಟ್ರ ಎದುರೇ ಕೇಳಿ ಬಗೆಹರಿಸ್ಕೊಳ್ಳಿ.

3. ಫೈಲ್

ಇದು ಚಿಕ್ಕ ಕೆಲಸ ಅಂತ ಕಾಣ್ತದೆ. ಬಟ್ಟೆ ಅಂಗಡಿಯ ಕವರಲ್ಲಿ ಮಡಚಿಟ್ಟ ಬಯಾಪ್ಸಿ ರಿಪೋರ್ಟ್ ಜುಲೈ ಮಳೆಯಲ್ಲಿ ನೆನೆದು ಶಾಯಿ ಹರಡಿ, ಸಹಿ ಇರುವ ಜಾಗ ಮಾತ್ರ ಓದ್ಲಿಕ್ಕೆ ಬರುವ ಹಾಗೆ ಆದದ್ದನ್ನ ನಾನು ನೋಡಿದ್ದೇನೆ, ಅದ್ರ ನಕಲು ಪಡೀಲಿಕ್ಕೆ ಮತ್ತೆ ಓಡಾಟ. ಜಿಪ್ ಇರುವ ಪ್ಲಾಸ್ಟಿಕ್ ಫೋಲ್ಡರ್ ಒಂದು, ಎಲ್ಲದ್ರ ಎರಡು ಜೆರಾಕ್ಸ್, ಫೋನಲ್ಲಿ ಫೋಟೋ. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಯಿಲೆಯ ಹೆಸರು, ಆಸ್ಪತ್ರೆ ನಂಬರ್, ರಕ್ತದ ಗುಂಪು, ಶುಗರ್-ಬಿಪಿ ಇದ್ರೆ ಅದು, ಆಗದ ಮದ್ದು, ಜೊತೆಗಾರರ ಫೋನ್ ನಂಬರ್.

ರಿಪೋರ್ಟ್ ಬೇರೆ, ಬಯಾಪ್ಸಿಯಲ್ಲಿ ತೆಗೆದ ಚೂರು ಇರುವ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಬೇರೆ. ಬೇರೆ ಆಸ್ಪತ್ರೆಗೆ ಹೋಗುದಾದ್ರೆ ಅಲ್ಲಿ ಹೆಚ್ಚಾಗಿ ಇವೆರಡನ್ನೂ ಕೇಳ್ತಾರೆ, ಲ್ಯಾಬಲ್ಲಿ ಅರ್ಜಿ ಬರೆದು ಕೊಟ್ರೆ ಕೊಡ್ತಾರೆ, ಇಲ್ಲದಿದ್ರೆ ಮತ್ತೊಂದು ಸಲ ಚುಚ್ಚಿಸ್ಕೊಳ್ಬೇಕಾದೀತು.

4. ಇಲ್ಲೇನಾ, ಊರಿಗಾ? ಮೊದಲ ಕೀಮೋದ ಒಳಗೆ ತೀರ್ಮಾನ ಆಗ್ಲಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ದೊಡ್ಡದು ಇದೇ. ಎರಡು ಕೀಮೋ ಇಲ್ಲಿ ತೆಗೊಂಡು, ಸುಸ್ತಾಗಿ, ಮನೆ ನೆನಪಾಗಿ, ಊರಿಗೆ ಹೋಗಿ ಬರ್ತೇನೆ ಅಂತ ರೈಲು ಹತ್ತಿದವ್ರು ಸುಮಾರು ಜನ ವಾಪಸ್ ಬರುದಿಲ್ಲ, ಅಲ್ಲೂ ಮುಂದುವರಿಸಿರುದಿಲ್ಲ. ಮಧ್ಯದಲ್ಲಿ ಬಿಟ್ಟ ಚಿಕಿತ್ಸೆ ಅಂದ್ರೆ ಕಷ್ಟವೆಲ್ಲ ಪಟ್ಟು ಫಲ ಮಾತ್ರ ಇಲ್ಲ.

ಇಲ್ಲಿ ಇರುದಕ್ಕೆ ಒಳ್ಳೆ ಕಾರಣಗಳುಂಟು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆಯ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆ, ಮಂಗ್ಳೂರಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ದೇರಳಕಟ್ಟೆಯ ಯೆನೆಪೋಯ, ಕುಂಟಿಕಾನದ ಎ.ಜೆ., ಪಂಪ್‌ವೆಲ್‌ನ ಎಂಐಒ, ಇಷ್ಟು ಹತ್ತಿರ ಹತ್ತಿರ ಇಷ್ಟು ಕ್ಯಾನ್ಸರ್ ವಿಭಾಗ ಇರುವ ಜಾಗ ನಮ್ಮ ರಾಜ್ಯದಲ್ಲಿ ಬೆಂಗ್ಳೂರು ಬಿಟ್ರೆ ಕಮ್ಮಿ. ಆದ್ರೆ ರೇಡಿಯೇಷನ್ ಅಂದ್ರೆ ವಾರಕ್ಕೆ 5 ದಿನ, ಬಾಯಿ-ಗಂಟಲಿನದ್ದಾದ್ರೆ ಸಾಮಾನ್ಯವಾಗಿ 6-7 ವಾರ. ಅಷ್ಟು ದಿನ ದುಡಿಮೆ ಇಲ್ಲ, ಅಡಿಗೆ ಮಾಡಿಕೊಡುವವ್ರಿಲ್ಲ, ಬಾಡಿಗೆ ಮಾತ್ರ ನಿಲ್ಲುದಿಲ್ಲ. ಊರಿಂದ ಹೆಂಡತಿಯೋ ಅಮ್ಮನೋ ಬಂದು ಇರ್ಲಿಕ್ಕೆ ಆಗ್ತದಾ ಅನ್ನುದ್ರ ಮೇಲೆ ಎಲ್ಲ ನಿಂತಿರ್ತದೆ.

ಊರಿನ ಹತ್ರ ಆಸ್ಪತ್ರೆ ಉಂಟಾ ಅಂತ ನೋಡುವ ಕೆಲಸ ನೀವು ಮಾಡ್ಬಹುದು, ಅವ್ರಿಗೆ ಹೆಸರೇ ಗೊತ್ತಿರುದಿಲ್ಲ. ಗದಗ, ಬಾಗಲಕೋಟೆ ಕಡೆಯವ್ರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಯಾದಗಿರಿ, ರಾಯಚೂರಿನವ್ರಿಗೆ ಕಲಬುರಗಿಯಲ್ಲಿರುವ ಕಿದ್ವಾಯಿ ಕೇಂದ್ರ ಅಥವಾ ಬೆಂಗ್ಳೂರಿನ ಕಿದ್ವಾಯಿಯೇ. ಒಡಿಶಾದವ್ರಿಗೆ ಕಟಕ್‌ನ ಆಚಾರ್ಯ ಹರಿಹರ ಸಂಸ್ಥೆ, ಪೂರ್ವ ಯುಪಿ-ಬಿಹಾರದವ್ರಿಗೆ ವಾರಾಣಸಿಯಲ್ಲಿ ಟಾಟಾದವ್ರ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ, ಬಂಗಾಳದವ್ರಿಗೆ ಕೋಲ್ಕತ್ತಾದ ಚಿತ್ತರಂಜನ್ ಸಂಸ್ಥೆ. ನೇಪಾಳದವ್ರಿಗೆ ಚಿತ್ವನ್ ಜಿಲ್ಲೆ ಭರತ್‌ಪುರದ ಬಿ.ಪಿ. ಕೊಯಿರಾಲ ಕ್ಯಾನ್ಸರ್ ಆಸ್ಪತ್ರೆ, ಅಲ್ಲಿಯ ಸರ್ಕಾರ ಬಡವ್ರ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೊಡ್ತದೆ, ಅವ್ರ ವಾರ್ಡ್ ಕಚೇರಿಯ ಶಿಫಾರಸು ಪತ್ರ ಬೇಕು. ಇಲ್ಲಿ ಅವ್ರಿಗೆ ಆಯುಷ್ಮಾನ್ (ಸರ್ಕಾರದ ಚಿಕಿತ್ಸಾ ಯೋಜನೆ) ಸಿಗುದಿಲ್ಲ, ಆದ್ದರಿಂದ ಈ ಲೆಕ್ಕ ಅವ್ರಿಗೆ ಇನ್ನೂ ಮುಖ್ಯ.

ಮಲ್ಪೆ, ಬಂದರಿನ ಬೋಟಿನವ್ರ ವಿಷಯದಲ್ಲಿ ಕ್ಯಾಲೆಂಡರ್ ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ಬಂದ್, ಹುಡುಗ್ರೆಲ್ಲ ಒಟ್ಟಿಗೆ ಊರಿಗೆ ಹೋಗ್ತಾರೆ. ಎಪ್ರಿಲ್‌ನಲ್ಲಿ ಶುರುವಾದ ಚಿಕಿತ್ಸೆ ಜೂನ್‌ನಲ್ಲಿ ಖಂಡಿತ ಎಡವ್ತದೆ. ಬೋಟಿನ ಮಾಲಿಕರು ರೂಮು ಆ ಎರಡು ತಿಂಗಳೂ ಕೊಡ್ತಾರಾ ಅಂತ ಮೊದ್ಲೇ ಕೇಳಿ ಇಟ್ಕೊಳ್ಳಿ.

ಊರಿಗೇ ಅಂತ ತೀರ್ಮಾನ ಆದ್ರೆ ರೈಲ್ವೆ ರಿಯಾಯಿತಿ ಮರೀಬೇಡಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಏಸಿಯಲ್ಲಿ ಪೂರ್ತಿ ಫ್ರೀ, ಜೊತೆಗೆ ಹೋಗುವ ಒಬ್ರಿಗೆ ಅದೇ ಕ್ಲಾಸಲ್ಲಿ 75% ಕಡಿತ. ರೈಲ್ವೆಯ ನಮೂನೆಯಲ್ಲೇ ಡಾಕ್ಟ್ರ ಸರ್ಟಿಫಿಕೇಟ್, ಆಸ್ಪತ್ರೆ ಸೀಲ್ ಬೇಕು, ಟಿಕೆಟ್ ಕೌಂಟರಲ್ಲೇ ತೆಗೀಬೇಕು, ಆನ್‌ಲೈನ್ ಆಗುದಿಲ್ಲ.

5. ಕಾರ್ಡುಗಳ ಕಥೆ

ತಾಳ್ಮೆ ಬೇಕಾದ್ದು ಇಲ್ಲಿ. ಕರ್ನಾಟಕದವ್ರಾದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಬಿಪಿಎಲ್ ಕಾರ್ಡಿದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್ ಆದ್ರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ) 30%, ವರ್ಷಕ್ಕೆ 1.5 ಲಕ್ಷದ ಮಿತಿ. ರೇಷನ್ ಕಾರ್ಡ್ ಕೊಪ್ಪಳದ್ದಾದ್ರೂ ಉಡುಪಿಯಲ್ಲಿ ನಡೀತದೆ. ಆದ್ರೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೆಗೆದು ತೋರಿಸಿದ್ರೆ ಆಗುದಿಲ್ಲ, ತುರ್ತು ಅಲ್ಲದಿದ್ರೆ ಮೊದ್ಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಉಡುಪಿಯವ್ರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗ್ಳೂರಿನವ್ರಿಗೆ ವೆನ್‌ಲಾಕ್. ಬೆಳಿಗ್ಗೆ ಬೇಗ ಹೋಗಿ, ಆಧಾರ್, ರೇಷನ್ ಕಾರ್ಡ್, ರಿಪೋರ್ಟ್ ಮೂರೂ ಒರಿಜಿನಲ್ ಇರ್ಲಿ.

ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ರು ಕೂತಿರ್ತಾರೆ, ನಿಮ್ಮ ಕೆಲಸ ಅರ್ಧ ಅವ್ರ ಹತ್ರವೇ. ಅಲ್ಲಿ ಹೆಚ್ಚು ಸಿಕ್ಕಿಬೀಳುದು ಹೆಸರಲ್ಲಿ: ಆಧಾರಲ್ಲಿ ಹನುಮವ್ವ, ರೇಷನ್ ಕಾರ್ಡಲ್ಲಿ ಹನಮವ್ವ, ಆಸ್ಪತ್ರೆ ಚೀಟಿಯಲ್ಲಿ ಹನುಮಮ್ಮ ಅಂತ ಯಾರೋ ಕೇಳಿಸ್ಕೊಂಡದ್ದನ್ನ ಬರೆದು ಬಿಟ್ಟಿರ್ತಾರೆ, ಅಷ್ಟಕ್ಕೇ ಮಂಜೂರಾತಿ ನಿಂತುಹೋಗ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲ ದಿನ ಹೆಸರು ಬರೆಸುವಾಗ ಬಾಯಲ್ಲಿ ಹೇಳ್ಬೇಡಿ, ಆಧಾರ್ ಕೊಟ್ಟು ಅದ್ರಲ್ಲಿ ಇದ್ದ ಹಾಗೇ ಟೈಪ್ ಮಾಡ್ಲಿಕ್ಕೆ ಹೇಳಿ. ಇಷ್ಟು ಮಾಡಿದ್ರೆ ಎಷ್ಟೋ ತಲೆನೋವು ತಪ್ತದೆ.

ಬೇರೆ ರಾಜ್ಯದವ್ರ ಆಯುಷ್ಮಾನ್ ಕಾರ್ಡ್ ಇಲ್ಲಿಯೂ ನಡೀತದೆ, ಯೋಜನೆಯಲ್ಲೇ ಆ ಸೌಲಭ್ಯ ಉಂಟು, ಒಡಿಶಾ ಕೂಡ 2025ರಲ್ಲಿ ಸೇರಿದೆ. ಅಡ್ಮಿಟ್ ಆಗುವ ಮೊದ್ಲೇ ಆರೋಗ್ಯಮಿತ್ರರ ಹತ್ರ ಕಾರ್ಡ್ ನಂಬರ್ ಹಾಕಿಸಿ, ಆ ವರ್ಷದ ಹಣ ಎಷ್ಟು ಉಳಿದಿದೆ, ಈ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಪ್ಯಾಕೇಜ್ ಉಂಟಾ ಅಂತ ನೋಡಿಸಿ. ಬಂಗಾಳ ಸರ್ಕಾರದ್ದೇ ಆದ ಸ್ವಾಸ್ಥ್ಯ ಸಾಥಿ ಯೋಜನೆಯ ಕಾರ್ಡ್ ತಂದವ್ರು ಅದನ್ನೇ ಆಯುಷ್ಮಾನ್ ಅಂದ್ಕೊಂಡಿರ್ತಾರೆ, ಎರಡೂ ಬೇರೆ. ಸಹಾಯವಾಣಿ 14555, ಹಿಂದಿಯವ್ರು ತಾವೇ ಮಾತಾಡ್ಬಹುದು.

ಫ್ಯಾಕ್ಟರಿ, ಗೇರುಬೀಜ, ಮೀನು ಸಂಸ್ಕರಣೆಯಲ್ಲಿ ದುಡಿಯುವವ್ರ ಸಂಬಳದ ಚೀಟಿ ಒಮ್ಮೆ ನೋಡಿ, 0.75% ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂತ ಕಡಿತ ಇದ್ರೆ ಅದು ಬಂಗಾರ. ಚಿಕಿತ್ಸೆ ಜೊತೆಗೆ ರಜೆಯ ದಿನಗಳಿಗೆ ಸಂಬಳದ 70% ವರ್ಷಕ್ಕೆ 91 ದಿನದ ತನಕ ಸಿಗ್ತದೆ, ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು ಕಂತು ಸರಿಯಾಗಿ ಕಟ್ಟಿದ್ರೆ ಕ್ಯಾನ್ಸರಿಗೆ 80%ರಂತೆ ಸುಮಾರು ಎರಡು ವರ್ಷದ ತನಕ ಮುಂದುವರೀತದೆ. ಮನೆಗೆ ಕಳಿಸುವ ದುಡ್ಡು ನಿಲ್ಲುದಿಲ್ಲ ಅಂದ್ರೆ ಅರ್ಧ ಕಾಯಿಲೆ ಅಲ್ಲೇ ಕಮ್ಮಿ. ಗಾರೆ, ಸೆಂಟ್ರಿಂಗ್, ಪೈಂಟಿಂಗ್‌ನವ್ರಿಗೆ ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡ್, 18ರಿಂದ 60 ವರ್ಷದೊಳಗಿನವ್ರು ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ರೆ ನೋಂದಣಿ. ಅದಾಗಲೇ ಕಾರ್ಡ್ ಇದ್ರೆ ಗಂಭೀರ ಕಾಯಿಲೆಗೆ ಸಹಾಯಧನ ಉಂಟು, ಬಿಲ್ಲುಗಳನ್ನ ಬಿಸಾಡ್ಬೇಡಿ, ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿ.

ರೇಷನ್ ಯಾವ ರಾಜ್ಯದ ಕಾರ್ಡಿದ್ರೂ ಬೆರಳಚ್ಚು ಕೊಟ್ಟು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ತೆಗೀಬಹುದು. ಬಸ್ಸಲ್ಲಿ ಶಕ್ತಿ ಯೋಜನೆ ಕರ್ನಾಟಕದ ಹೆಂಗಸ್ರಿಗೆ ಮಾತ್ರ, ಅದೂ ಸರ್ಕಾರಿ ಬಸ್ಸಲ್ಲಿ, ನಮ್ಮಲ್ಲಿ ಓಡುದು ಹೆಚ್ಚು ಖಾಸಗಿ, ಹಾಗಾಗಿ ಅದನ್ನ ನಂಬಿ ಲೆಕ್ಕ ಹಾಕ್ಬೇಡಿ.

6. ರೂಮು, ಊಟ, ಜ್ವರ

ಲೈನ್ ಮನೆಯ ಮಾಲಿಕರ ಹತ್ರ ಊರಿನ ಹಿರಿಯರು ಒಬ್ರು ಹೋಗಿ ಮಾತಾಡ್ಬೇಕು. ಕ್ಯಾನ್ಸರ್ ಒಬ್ರಿಂದ ಒಬ್ರಿಗೆ ಅಂಟುದಿಲ್ಲ, ಒಂದೇ ತಟ್ಟೆಯಲ್ಲಿ ತಿಂದ್ರೂ ಅಂಟುದಿಲ್ಲ, ಇದನ್ನ ಅಕ್ಕಪಕ್ಕದ ಬಾಡಿಗೆಯವ್ರ ಎದುರೇ ಹೇಳಿ. ಹೆದರಿಕೆ ಇರ್ಬೇಕಾದ್ದು ತಿರುಗಿ, ಅವ್ರ ಕೆಮ್ಮು, ಶೀತ ರೋಗಿಗೆ ಅಂಟೀತು ಅಂತ. ಆರು ಜನ ಮಲಗುವ ರೂಮಿಂದ ಅವ್ರನ್ನ ಗಾಳಿಯಾಡುವ ಒಂದು ಮೂಲೆ ಕೋಣೆಗೆ ಹಾಕ್ಲಿಕ್ಕೆ ಆದ್ರೆ ತುಂಬ ಒಳ್ಳೇದು. ಕೀಮೋ ಆದ ಮೇಲೆ ಎರಡು ದಿನ ಮೈಯಿಂದ ಮದ್ದಿನ ಅಂಶ ಹೊರಗೆ ಹೋಗ್ತಾ ಇರ್ತದೆ, ಎಲ್ಲರೂ ಬಳಸುವ ಪಾಯಿಖಾನೆ ಆದ್ರೆ ಎರಡು ಸಲ ಚೆನ್ನಾಗಿ ನೀರು ಹಾಕ್ಲಿ, ಅಷ್ಟೇ ಸಾಕು.

ಊಟದ ವಿಷಯದಲ್ಲಿ ನಮ್ಮವ್ರು ಪ್ರೀತಿಯಿಂದ ಕುಚ್ಚಲಕ್ಕಿ ಗಂಜಿ, ತೆಂಗಿನೆಣ್ಣೆ ಒಗ್ಗರಣೆಯ ಪಲ್ಯ ತೆಗೊಂಡು ಹೋಗ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದವ್ರಿಗೆ ಕೀಮೋದ ವಾಕರಿಕೆ ಹೊತ್ತಲ್ಲಿ ಆ ವಾಸನೆಯೇ ಆಗುದಿಲ್ಲ, ಪಾಪ ಮುಖ ನೋಡಿ ತಿಂತಾರೆ, ಆಮೇಲೆ ವಾಂತಿ. ಕೇಳಿ ಮಾಡಿ. ಬಾಯಿ ಹುಣ್ಣಾಗಿದ್ರೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಖಾರ ಇಲ್ಲದ ಬೇಳೆ, ಮೊಟ್ಟೆ ಚೆನ್ನಾಗಿ ಬೆಂದದ್ದು. ಒಡಿಶಾದವ್ರಿಗೆ ರಾತ್ರಿ ನೀರಲ್ಲಿಟ್ಟ ಪಖಾಳ ಅನ್ನ ಅಂದ್ರೆ ಪ್ರಾಣ, ಕೀಮೋ ಮುಗಿಯುವ ತನಕ ಹಳಸಿದ್ದು, ತಂಗಳು ಬೇಡ, ಬಿಸಿ ಅನ್ನಕ್ಕೆ ಆಗಷ್ಟೇ ಮಾಡಿದ್ದು ಏನಾದ್ರೂ ಇರ್ಲಿ, ಕುದಿಸಿ ಆರಿಸಿದ ನೀರು.

ಇನ್ನು ಜ್ವರ, ಇದನ್ನ ಗೋಡೆ ಮೇಲೆ ಬರೆದು ಅಂಟಿಸಿ. ಕೀಮೋ ಆಗಿ ಒಂದರಿಂದ ಎರಡು ವಾರದ ಮಧ್ಯೆ ಸಾಮಾನ್ಯವಾಗಿ ಬಿಳಿ ರಕ್ತಕಣ ತುಂಬ ಕಮ್ಮಿ ಆಗ್ತದೆ, ಆಗ 100.4 ಡಿಗ್ರಿ ಜ್ವರ ಬಂದ್ರೂ ಅದು ತುರ್ತು. ಮಾತ್ರೆ ನುಂಗಿ ಬೆಳಗ್ಗೆ ನೋಡುವ ಅಂತ ಮಲಗುದಲ್ಲ, ರಾತ್ರಿ ಎರಡು ಗಂಟೆಯಾದ್ರೂ ಚಿಕಿತ್ಸೆ ನಡೀತಿರುವ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗ್ಬೇಕು, "ಕೀಮೋ ನಡೀತಾ ಉಂಟು" ಅಂತ ಮೊದಲ ಮಾತಲ್ಲೇ ಹೇಳ್ಬೇಕು. ಒಂದು ಡಿಜಿಟಲ್ ಥರ್ಮಾಮೀಟರ್ ತೆಗೊಟ್ಟು ನೋಡುದು ಹೇಗೆ ಅಂತ ರೂಮಿನವ್ರಿಗೂ ಕಲಿಸಿ, ರಾತ್ರಿ ಬರುವ ರಿಕ್ಷಾದವ್ರ ನಂಬರ್ ಅಲ್ಲೇ ಬರೆದಿಡಿ.

ರಕ್ತ ಬೇಕಾದ್ರೆ ಯುವಕ ಮಂಡಲದವ್ರಿಗೆ ಇದು ಹೇಳಿ ಮಾಡಿಸಿದ ಕೆಲಸ, 18 ದಾಟಿ 45 ಕೆಜಿಗಿಂತ ಹೆಚ್ಚಿರುವ ಆರೋಗ್ಯವಂತರ ಪಟ್ಟಿ ಗುಂಪಿನ ಪ್ರಕಾರ ಮಾಡಿಟ್ಕೊಳ್ಳಿ.

7. ಈಗ ದುಡ್ಡು

ಕಾರ್ಡಿಂದ ಎಷ್ಟು ಆಗ್ತದೆ ಅಂತ ಗೊತ್ತಾದ ಮೇಲೇ ಕೂಡಿಸ್ಲಿಕ್ಕೆ ಹೊರಡಿ. ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇರ್ತಾರೆ, ಬಿಲ್ಲಲ್ಲಿ ರಿಯಾಯಿತಿ, ದಾನಿಗಳ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿ ಎಲ್ಲ ಅವ್ರಿಗೆ ಗೊತ್ತಿರ್ತದೆ, ಅವ್ರನ್ನ ನೋಡದೆ ಕ್ಯೂಆರ್ ಕೋಡ್ ಹಾಕುದು ಅವಸರ. ನಿಜವಾಗಿ ಕೊರತೆ ಬೀಳುದು ಪ್ಯಾಕೇಜಲ್ಲಿ ಬರದ ಕೆಲವು ಸ್ಕ್ಯಾನ್, ಬಾಡಿಗೆ, ರಿಕ್ಷಾ, ಹಾಲು-ಮೊಟ್ಟೆ, ಊರಲ್ಲಿರುವ ಮಕ್ಕಳ ಖರ್ಚು ಇಷ್ಟಕ್ಕೆ. ಇವಕ್ಕೆ ತಿಂಗಳಿಗೆ ಎಷ್ಟು ಅಂತ ಬರೆದು, ಇಷ್ಟು ತಿಂಗಳಿಗೆ ಬೇಕು ಅಂತ ಹೇಳಿ ಕೇಳಿದ್ರೆ ಜನ ಧೈರ್ಯವಾಗಿ ಕೊಡ್ತಾರೆ.

ದುಡ್ಡು ರೋಗಿಯ ಅಥವಾ ಅವ್ರ ಮನೆಯವ್ರ ಖಾತೆಗೇ ಹೋಗ್ಲಿ, ದೊಡ್ಡ ಮೊತ್ತ ಆಸ್ಪತ್ರೆಗೆ ನೇರ ಕಟ್ಟಿ ರಶೀದಿ ತೆಗೊಳ್ಳಿ. ಮಂಡಲದ ಕಾರ್ಯದರ್ಶಿಯ ಸ್ವಂತ ಖಾತೆ ಬೇಡ, ಅವ್ರು ಎಷ್ಟು ಪ್ರಾಮಾಣಿಕರಾದ್ರೂ ನಾಳೆ ಮಾತು ಬರ್ತದೆ. ಉಳಿದ್ರೆ ಎಂತ ಮಾಡುದು ಅಂತಲೂ ಮೊದ್ಲೇ ಬರೆದಿಡಿ. ಮತ್ತೆ ಈ ಹೊತ್ತಲ್ಲಿ ಎಲ್ಲಿಂದಲೋ ಒಬ್ರು "ಕ್ಯಾನ್ಸರ್ ಗ್ಯಾರಂಟಿ ಗುಣ" ಅಂತ ಮದ್ದು ಕೊಡುವವ್ರು ಬರ್ತಾರೆ, ಕೂಡಿಸಿದ ದುಡ್ಡಲ್ಲಿ ಒಂದು ಪೈಸೆ ಅಲ್ಲಿಗೆ ಹೋಗದ ಹಾಗೆ ನೋಡ್ಕೊಳ್ಳಿ.

8. ಗುಣ ಆಗುದಿಲ್ಲ ಅಂದಾಗ, ಮತ್ತೆ ಊರಿಗೆ ಹೊರಟಾಗ

ಕೆಲವ್ರಿಗೆ ಕೊನೆ ಹಂತದಲ್ಲೇ ಗೊತ್ತಾಗುದು. ಆಗ ನೋವಿಗೆ ಚಿಕಿತ್ಸೆ ಉಂಟು ಅಂತ ತಿಳಿದಿರ್ಬೇಕು, ಪ್ಯಾಲಿಯೇಟಿವ್ ಕೇರ್ ವಿಭಾಗ ಅಂತ ಕೇಳಿ, ಮಾರ್ಫಿನ್ ಮಾತ್ರೆ ಡಾಕ್ಟ್ರ ಚೀಟಿ ಮೇಲೆ ಅಲ್ಲಿ ಸಿಗ್ತದೆ. ಹಲ್ಲು ಕಚ್ಚಿ ನೋವು ತಡ್ಕೊಳ್ಳುವ ಅಗತ್ಯ ಇಲ್ಲ. ಊರಲ್ಲೇ ಇರ್ಬೇಕು ಅಂತ ಅವ್ರಿಗೆ ಮನಸ್ಸಿದ್ರೆ, ಪ್ರಯಾಣ ಮಾಡುವ ಶಕ್ತಿ ಇರುವಾಗಲೇ ಕಳಿಸಿ, ಕೊಸರಾಡ್ಬೇಡಿ. ಮದ್ದು ಒಂದು ತಿಂಗಳಿಗೆ ಬರೆಸಿ ಕೊಡಿ, ಅಲ್ಲಿ ಮಾರ್ಫಿನ್ ಸಿಗುವ ಆಸ್ಪತ್ರೆ ಯಾವ್ದು ಅಂತ ಇಲ್ಲಿಯ ಡಾಕ್ಟ್ರ ಹತ್ರವೇ ಕೇಳಿ ಬರೆಸ್ಕೊಳ್ಳಿ.

ಚಿಕಿತ್ಸೆ ಮುಗಿಸಿ ಹೊರಟವ್ರಿಗೆ ಡಿಸ್ಚಾರ್ಜ್ ಸಮ್ಮರಿ, ಕೀಮೋ-ರೇಡಿಯೇಷನ್ ಎಷ್ಟು ಕೊಟ್ಟದ್ದು ಅನ್ನುವ ವಿವರ, ಕೊನೆಯ ಸ್ಕ್ಯಾನಿನ ಸಿಡಿ, ಮುಂದಿನ ಚೆಕಪ್ ತಾರೀಕು ಇಷ್ಟು ಫೈಲಲ್ಲಿ ಇರ್ಲಿ. ಮೊದಲ ಎರಡು ವರ್ಷ ಚೆಕಪ್ ಕೆಲವು ತಿಂಗಳಿಗೊಮ್ಮೆ ಬರ್ತಾ ಇರ್ತದೆ, ರೈಲ್ವೆ ರಿಯಾಯಿತಿ ಅದಕ್ಕೂ ಸಿಗ್ತದೆ. ಮೊಬೈಲ್ ನಂಬರ್ ಬದಲಾಯಿಸುದು ಇವ್ರಲ್ಲಿ ಸಾಮಾನ್ಯ, ಹಾಗಾಗಿ ಊರಿನ ಒಬ್ಬ ಸಂಬಂಧಿಕರ ನಂಬರೂ ನಿಮ್ಮಲ್ಲಿರ್ಲಿ, ತಾರೀಕಿಗೆ ಹತ್ತು ದಿನ ಮೊದ್ಲು ಒಂದು ಫೋನ್ ಹಾಕಿ, ಟಿಕೆಟ್ ಆಯ್ತಾ ಅಂತ ಕೇಳಿ.